ಒಕ್ಕೂಟ ಬಿಟ್ಟು ಹೋಗಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದರ (ಅದಕ್ಕೇ ಬ್ರೆಕ್ಸಿಟ್ ಅನ್ನುವುದು) ಬಗ್ಗೆ ಒಂದೆರಡು ಸಲ ಬರೆದದ್ದೇ ತಪ್ಪಾಯಿತೇನೋ. ಎಲ್ಲಿ ಸಿಕ್ಕರೂ ಜನ ಅದೇ ಪ್ರಶ್ನೆ ಕೇಳುತ್ತಾರೆ. "ಒಂದು ದೇಶ ಇಂಥ ಒಕ್ಕೂಟದಲ್ಲಿ ಇರಬೇಕಾ, ಬಿಡಬೇಕಾ? ಸುತ್ತಿ ಬಳಸಿ ಹೇಳಬೇಡಿ, ಒಂದೇ ಮಾತಲ್ಲಿ ಹೇಳಿ." ಒಂದೇ ಮಾತು ಬೇಕೆಂದರೆ ನನ್ನದು ಇಷ್ಟೇ: ಬಿಟ್ಟು ಎಲ್ಲಿಗೆ ಹೋಗುತ್ತೀರಿ, ಅದನ್ನು ಮೊದಲು ಹೇಳಿ.

ಜಾರಿಕೊಳ್ಳುವ ಉತ್ತರ ಅನ್ನಿಸಬಹುದು. ಅಲ್ಲ. ಬ್ರಿಟನ್ ಮೂರೂವರೆ ವರ್ಷ ಒದ್ದಾಡಿದ್ದು ಇದೊಂದೇ ಜಾಗದಲ್ಲಿ.

2016ರ ಜೂನ್ 23ರಂದು ಅಲ್ಲಿ ಜನಮತ ಸಂಗ್ರಹ ನಡೆಯಿತು. ಚೀಟಿಯಲ್ಲಿ ಇದ್ದದ್ದು ಎರಡೇ ಆಯ್ಕೆ. ಉಳಿಯುವುದು, ಇಲ್ಲವೇ ಬಿಡುವುದು. ಶೇ. 51.9 ಜನ ಬಿಡೋಣ ಅಂದರು, ಶೇ. 48.1 ಜನ ಬೇಡ ಅಂದರು. ಉಳಿಯುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು, 1973ರಿಂದ ಒಳಗೇ ಇದ್ದರಲ್ಲ. ಬಿಡುವುದು ಅಂದರೆ? ನಾರ್ವೆ ಹಾಗೆ ಸದಸ್ಯನಾಗದೆ ಒಕ್ಕೂಟದ ಮಾರುಕಟ್ಟೆಯೊಳಗೆ ಮಾತ್ರ ಇರುವುದಾ, ಸ್ವಿಟ್ಜರ್ಲೆಂಡ್ ಹಾಗೆ ನೂರಕ್ಕೂ ಜಾಸ್ತಿ ಬಿಡಿ ಬಿಡಿ ಒಪ್ಪಂದ ಮಾಡಿಕೊಳ್ಳುವುದಾ, ಟರ್ಕಿ ಹಾಗೆ ಸುಂಕದ ವಿಚಾರದಲ್ಲಿ ಮಾತ್ರ ಜೊತೆಗಿರುವುದಾ, ಕೆನಡಾ ಹಾಗೆ ದೂರದಿಂದ ವ್ಯಾಪಾರ ಒಪ್ಪಂದವಾ, ಇಲ್ಲಾ ಯಾವ ಒಪ್ಪಂದವೂ ಬೇಡ ಅಂತ ಕೊಡವಿಕೊಂಡು ಎದ್ದು ಬರುವುದಾ? ಇವೆಲ್ಲವೂ "ಬಿಡುವುದೇ". ಆ ಐದೂ ದಾರಿಯವರು ಒಂದೇ ಚೌಕದಲ್ಲಿ ಗುರುತು ಹಾಕಿ ಬಂದರು.

ಆಮೇಲೆ ಏನಾಯಿತು ನೋಡಿ. ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದ 2019ರ ಜನವರಿಯಲ್ಲಿ 432-202 ಮತಗಳಿಂದ ಬಿದ್ದುಹೋಯಿತು. ಅಷ್ಟು ದೊಡ್ಡ ಸೋಲು ಅಲ್ಲಿನ ಯಾವ ಸರಕಾರಕ್ಕೂ ಆಗಿರಲಿಲ್ಲ. ಸರಿ, ಹಾಗಾದರೆ ನಿಮಗೆ ಬೇಕಾದ್ದಾದರೂ ಏನು ಅಂತ ಮಾರ್ಚ್ 27ರಂದು ಸಂಸತ್ತು ತನ್ನನ್ನೇ ಕೇಳಿಕೊಂಡಿತು. ಎಂಟು ದಾರಿಗಳನ್ನು ಮುಂದಿಟ್ಟು ಒಂದೊಂದಕ್ಕೂ ವೋಟು ಹಾಕಿಸಿದರು. ಎಂಟೂ ಸೋತವು! ನಾಲ್ಕು ದಿನ ಬಿಟ್ಟು ನಾಲ್ಕನ್ನು ಆರಿಸಿ ಮತ್ತೆ ವೋಟಿಗೆ ಹಾಕಿದರು, ಅವೂ ಸೋತವು. ಬಿಡಬೇಕು ಅನ್ನುವುದಕ್ಕೆ ಬಹುಮತ ಇತ್ತು, ಬಿಡುವ ಯಾವ ಒಂದು ರೀತಿಗೂ ಇರಲಿಲ್ಲ. ನಾನು ಬ್ರೆಕ್ಸಿಟ್ ಬಗ್ಗೆ ಓದಿದ್ದರಲ್ಲಿ ಮಾರ್ಚ್ 27ರ ಆ ಒಂದು ರಾತ್ರಿಯಷ್ಟು ಪಾಠ ಇನ್ನೆಲ್ಲೂ ಸಿಕ್ಕಿಲ್ಲ.

ಕೊನೆಗೆ ಮುಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಕಾಲದಲ್ಲಿ, 2020ರ ಜನವರಿ 31ಕ್ಕೆ ಹೊರಬಂದರು. ಆ ವರ್ಷದ ಕೊನೆಯವರೆಗೆ ಹಳೇ ನಿಯಮವೇ ನಡೆಯಿತು. ಅಸಲಿ ಬಿಡುಗಡೆ 2021ರ ಜನವರಿ 1ಕ್ಕೆ.

ಅದೇ ತಿಂಗಳು ನೆದರ್‌ಲೆಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರಿನಲ್ಲಿ ನಡೆದದ್ದು ಡಚ್ ಟೀವಿಯಲ್ಲಿ ಬಂತು. ಬ್ರಿಟನ್‌ನಿಂದ ಹಡಗಿನಲ್ಲಿ ಬಂದಿಳಿದ ಲಾರಿ ಡ್ರೈವರ್‌ಗಳನ್ನು ಕಸ್ಟಮ್ಸ್‌ನವರು ನಿಲ್ಲಿಸುತ್ತಿದ್ದಾರೆ. ಒಬ್ಬನ ಹತ್ತಿರ ಫಾಯಿಲ್‌ನಲ್ಲಿ ಸುತ್ತಿದ ಸ್ಯಾಂಡ್‌ವಿಚ್. ಅಧಿಕಾರಿ ಕೇಳುತ್ತಾನೆ, ಎಲ್ಲದರಲ್ಲೂ ಮಾಂಸ ಇದೆಯಾ ಅಂತ. ಇದೆ. ಹಾಗಾದರೆ ತೆಗೆದುಕೊಳ್ಳಬೇಕಾಗುತ್ತದೆ. ಪಾಪ ಡ್ರೈವರ್, ಮಾಂಸ ಬೇಕಾದರೆ ಇಟ್ಟುಕೊಳ್ಳಿ, ಬ್ರೆಡ್ ಆದರೂ ಕೊಡಿ ಅನ್ನುತ್ತಾನೆ. ಇಲ್ಲ, ಎಲ್ಲವನ್ನೂ ಕೊಡಬೇಕು, "ಬ್ರೆಕ್ಸಿಟ್‌ಗೆ ಸ್ವಾಗತ ಸರ್, ಕ್ಷಮಿಸಿ" ಅನ್ನುತ್ತಾನೆ ಅಧಿಕಾರಿ.

ಜನ ಇದನ್ನು ನೋಡಿ ನಕ್ಕರು. ಅಧಿಕಾರಿಯದು ಏನೂ ತಪ್ಪಿಲ್ಲ. ಹೊರಗಿನ ದೇಶದಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ ಅನ್ನುವುದು ಒಕ್ಕೂಟದ ಹಳೇ ನಿಯಮ. ಬ್ರಿಟನ್ ಒಳಗಿದ್ದಾಗಲೂ ಇದ್ದದ್ದೇ. ಹಿಂದಿನ ತಿಂಗಳವರೆಗೆ ಆ ನಿಯಮ ಬೇರೆಯವರಿಗೆ ಅನ್ವಯಿಸುತ್ತಿತ್ತು, ಈಗ ಇವರಿಗೂ ಅನ್ವಯಿಸಿತು, ಅಷ್ಟೇ. ಒಬ್ಬ ಡ್ರೈವರ್‌ನ ಊಟದ ಗಂಟು ಹೋದರೆ ಹೋಗಲಿ. ಆದರೆ ಅದೇ ದಾರಿಯಲ್ಲಿ ಮೀನು, ಮಾಂಸ, ಚೀಸ್ ತುಂಬಿದ ಲಾರಿಗಳೂ ಹೋಗಬೇಕಲ್ಲ. ಈಗ ಆ ಸರಕಿಗೆ ಪಶುವೈದ್ಯರ ಸಹಿ ಇರುವ ಆರೋಗ್ಯ ಪ್ರಮಾಣಪತ್ರ ಬೇಕು. ದೊಡ್ಡ ಕಂಪನಿ ಇದಕ್ಕೆ ನಾಲ್ಕು ಜನರನ್ನು ಇಟ್ಟುಕೊಳ್ಳುತ್ತದೆ. ಎರಡು ಡಬ್ಬಿ ಚೀಸ್ ಕಳಿಸುತ್ತಿದ್ದವನು ಲೆಕ್ಕ ಹಾಕಿ ನೋಡಿ ವ್ಯಾಪಾರವನ್ನೇ ಬಿಡುತ್ತಾನೆ. ಬಿಟ್ಟ ಮೇಲೆ ಒಕ್ಕೂಟದ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆ ಅಂತ ಇತ್ತು, ನಿಜ. ಸುಂಕ ಸೊನ್ನೆಯಾದರೂ ಕಾಗದ ಪತ್ರ ಸೊನ್ನೆಯಾಗಲಿಲ್ಲ. ಬ್ರಿಟನ್‌ನ ರಫ್ತಿನಲ್ಲಿ ಶೇ. 40ಕ್ಕೂ ಜಾಸ್ತಿ ಹೋಗುವುದು ಇದೇ ಒಕ್ಕೂಟಕ್ಕೆ ಅನ್ನುವುದು ನೆನಪಿರಲಿ. ಅಲ್ಲಿನ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಒಬಿಆರ್ ಅಂದಾಜಿನಲ್ಲಿ, ಒಳಗೇ ಉಳಿದಿದ್ದರೆ ದೇಶದ ಉತ್ಪಾದಕತೆ ಎಷ್ಟಿರುತ್ತಿತ್ತೋ ಅದಕ್ಕಿಂತ ಕಾಲಕ್ರಮೇಣ ಶೇ. 4ರಷ್ಟು ಕಡಿಮೆ ಇರುತ್ತದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಸೋರುವ ನಷ್ಟ ಅದು, ಅದಕ್ಕೇ ಯಾರಿಗೂ ಒಂದು ದಿನಾಂಕ ತೋರಿಸಿ ಇಲ್ಲಿ ನಷ್ಟವಾಯಿತು ಅನ್ನಲು ಆಗುವುದಿಲ್ಲ.

ಇನ್ನು ಗಡಿ. ಇದನ್ನು ಜನಮತಕ್ಕೆ ಮುಂಚೆ ಲಂಡನ್‌ನಲ್ಲಿ ಹೆಚ್ಚು ಜನ ಯೋಚಿಸಿದಂತೆ ಕಾಣುವುದಿಲ್ಲ. ಐರ್ಲೆಂಡ್ ದ್ವೀಪದಲ್ಲಿ ಉತ್ತರದ ತುಂಡು ಬ್ರಿಟನ್‌ಗೆ ಸೇರಿದ್ದು, ಉಳಿದದ್ದು ಐರ್ಲೆಂಡ್ ಗಣರಾಜ್ಯ, ಅದು ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟಲು ಇನ್ನೂರಕ್ಕೂ ಹೆಚ್ಚು ಜಾಗ. ಒಂದು ಕಾಲದಲ್ಲಿ ಅಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು, ಬಾಂಬುಗಳು ಸಿಡಿಯುತ್ತಿದ್ದವು. 1998ರ ಶಾಂತಿ ಒಪ್ಪಂದದ ನಂತರ ಅವೆಲ್ಲ ಹೋದವು. ಇವತ್ತು ಆ ಗಡಿ ದಾಟುವಾಗ ನಿಮಗೆ ಗೊತ್ತಾಗುವುದು ಒಂದೇ ಗುರುತಿನಿಂದ, ವೇಗದ ಮಿತಿಯ ಬೋರ್ಡು ಮೈಲಿಯಿಂದ ಕಿಲೋಮೀಟರ್‌ಗೆ ಬದಲಾಗುತ್ತದೆ. ಗೇಟಿಲ್ಲ, ಪೊಲೀಸ್ ಇಲ್ಲ.

ಎರಡೂ ಕಡೆ ಒಂದೇ ಮಾರುಕಟ್ಟೆ ಇದ್ದಾಗ ಇದು ಸಾಧ್ಯ. ಒಂದು ಕಡೆಯವರು ಹೊರಗೆ ಹೋದರೆ ಸರಕನ್ನು ಎಲ್ಲಾದರೂ ತಪಾಸಣೆ ಮಾಡಲೇಬೇಕು. ರಸ್ತೆಯಲ್ಲಿ ಗೇಟು ಹಾಕಿದರೆ ಶಾಂತಿಗೆ ಏಟು. ಹಾಗಾಗಿ ತಪಾಸಣೆಯನ್ನು ಸಮುದ್ರಕ್ಕೆ ತಳ್ಳಿದರು. ಉತ್ತರ ಐರ್ಲೆಂಡ್ ಸರಕಿನ ಮಟ್ಟಿಗೆ ಒಕ್ಕೂಟದ ನಿಯಮದಲ್ಲೇ ಉಳಿಯಿತು, ಬ್ರಿಟನ್‌ನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಾಮಾನು ಕಳಿಸಲು ಕಾಗದ ಬೇಕಾಯಿತು. ತಮ್ಮದೇ ದೇಶದೊಳಗೆ ಸುಂಕದ ಗೆರೆ! ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಅಲ್ಲಿನ ಯೂನಿಯನಿಸ್ಟರು ಸಿಟ್ಟಾದರು, ಅವರ ಡಿಯುಪಿ ಪಕ್ಷ ಎರಡು ವರ್ಷ ಅಲ್ಲಿನ ಸರಕಾರವನ್ನೇ ನಡೆಯಲು ಬಿಡಲಿಲ್ಲ. 2023ರಲ್ಲಿ ವಿಂಡ್ಸರ್ ಒಪ್ಪಂದ ಮಾಡಿ ಸ್ವಲ್ಪ ಸಡಿಲ ಮಾಡಿದರು. ಗೆರೆ ತೆಳ್ಳಗಾಗಿದೆ, ಅಳಿಸಿಲ್ಲ. ಈ ಉತ್ತರ ಐರ್ಲೆಂಡ್‌ನವರು ವೋಟು ಹಾಕಿದ್ದು ಉಳಿಯೋಣ ಅಂತ, ಶೇ. 55.8 ಜನ. ಸ್ಕಾಟ್ಲೆಂಡ್‌ನಲ್ಲಿ ಶೇ. 62. ಅವರನ್ನು ಕೇಳಿದ್ದೂ ಆಯಿತು, ಬಿಟ್ಟದ್ದೂ ಆಯಿತು.

"ಹಾಗಾದರೆ ಬಿಡೋಣ ಅಂದವರು ದಡ್ಡರಾ?" ಇದು ಮುಂದಿನ ಪ್ರಶ್ನೆ. ಇಲ್ಲಪ್ಪ. ಬಿಡೋಣ ಅನ್ನುವವರು ಪ್ರಚಾರಕ್ಕೆ ಓಡಿಸಿದ ಕೆಂಪು ಬಸ್ಸಿನ ಸುಳ್ಳಿಗೆ ಎಲ್ಲರೂ ಮರುಳಾದರು ಅಂತ ಹೇಳುವುದು ಸುಲಭ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ ಅಂತ ಬಸ್ಸಿನ ಮೇಲೆ ದೊಡ್ಡದಾಗಿ ಬರೆದಿದ್ದರು. ಅದರಲ್ಲಿ ಒಂದು ದೊಡ್ಡ ಪಾಲು ರಿಯಾಯಿತಿ ಅಂತ ಮೊದಲೇ ಕಳೆದುಹೋಗುತ್ತಿತ್ತು, ಲಂಡನ್‌ನಿಂದ ಹೊರಗೇ ಹೋಗುತ್ತಿರಲಿಲ್ಲ. ಉಳಿದದ್ದರಲ್ಲೂ ಒಂದಷ್ಟು ರೈತರಿಗೆ, ಹಿಂದುಳಿದ ಜಿಲ್ಲೆಗಳಿಗೆ ವಾಪಸ್ ಬರುತ್ತಿತ್ತು. ಆದರೆ ಹಾಗೆ ಹಣ ಪಡೆಯುತ್ತಿದ್ದ ಕಾರ್ನ್‌ವಾಲ್ ಜಿಲ್ಲೆಯೇ ಬಿಡೋಣ ಅಂತ ವೋಟು ಹಾಕಿತು, ಅಲ್ವಾ? ಅಂದಮೇಲೆ ವಿಷಯ ಬರೀ ದುಡ್ಡಿನದಲ್ಲ. ನಮ್ಮನ್ನು ಆಳುವ ನಿಯಮ ಮಾಡುವವರನ್ನು ನಾವು ವೋಟು ಹಾಕಿ ಕೆಳಗಿಳಿಸಲು ಆಗಬೇಕು ಅನ್ನುವುದು ಒಂದು ಮರ್ಯಾದೆಯ ಆಸೆ. ಅದನ್ನು ಗೇಲಿ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ತಕರಾರು ಬೇರೆ. ಆ ಆಸೆ ಹೊರಗೆ ಹೋದರೆ ಈಡೇರುತ್ತದಾ? ದೊಡ್ಡ ಮಾರುಕಟ್ಟೆಯ ಪಕ್ಕದಲ್ಲಿ ಕೂತವನು ಅಲ್ಲಿ ಮಾರಬೇಕಾದರೆ ಅಲ್ಲಿನ ನಿಯಮ ಪಾಲಿಸಲೇಬೇಕು, ಒಳಗಿದ್ದರೂ ಹೊರಗಿದ್ದರೂ. ಒಳಗಿದ್ದಾಗ ಬ್ರಿಟನ್‌ಗೆ ಒಕ್ಕೂಟದ ಸಂಸತ್ತಿನಲ್ಲಿ 73 ಸೀಟು ಇತ್ತು. ಅಷ್ಟೇ ಯಾಕೆ, ಈ ಒಂದೇ ಮಾರುಕಟ್ಟೆ ಅನ್ನುವುದನ್ನು 1980ರ ದಶಕದಲ್ಲಿ ಮುಂದೆ ನಿಂತು ಮಾಡಿಸಿದವರಲ್ಲಿ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಒಬ್ಬರು, ಅದರ ನೀಲನಕ್ಷೆ ತಯಾರಿಸಿದ್ದು ಒಕ್ಕೂಟದ ಆಡಳಿತಕ್ಕೆ ಅವರೇ ಕಳಿಸಿದ ಲಾರ್ಡ್ ಕಾಕ್‌ಫೀಲ್ಡ್. 2025ರ ಮೇನಲ್ಲಿ ಲಂಡನ್ ಮತ್ತು ಬ್ರಸೆಲ್ಸ್ (ಒಕ್ಕೂಟದ ಮುಖ್ಯ ಕಚೇರಿ ಇರುವ ಊರು) ಮತ್ತೆ ಮಾತಿಗೆ ಕೂತವು. ಆಹಾರ ಪದಾರ್ಥಗಳ ತಪಾಸಣೆ ಕಡಿಮೆ ಮಾಡೋಣ ಅಂತ ತಾತ್ವಿಕವಾಗಿ ಒಪ್ಪಿದರು. ಬದಲಿಗೆ ಬ್ರಿಟನ್ ಆ ವಿಷಯದಲ್ಲಿ ಒಕ್ಕೂಟದ ನಿಯಮ ಬದಲಾದ ಹಾಗೆಲ್ಲ ತಾನೂ ಬದಲಾಯಿಸಬೇಕು. ಆ ನಿಯಮ ಮಾಡುವಾಗ ಬ್ರಿಟನ್‌ಗೆ ವೋಟು ಇಲ್ಲ. ಸ್ಯಾಂಡ್‌ವಿಚ್ ಉಳಿಸಿಕೊಳ್ಳಲು ಕೊಟ್ಟ ಬೆಲೆ ಅದು.

ಲಾಭವೇ ಇಲ್ಲ ಅಂತಲೂ ಅಲ್ಲ. 2025ರಲ್ಲಿ ಟ್ರಂಪ್ ಸುಂಕ ಹಾಕಿದಾಗ ಬ್ರಿಟನ್‌ಗೆ ಶೇ. 10, ಒಕ್ಕೂಟಕ್ಕೆ ಕೊನೆಗೆ ಶೇ. 15ಕ್ಕೆ ಬಂದು ನಿಂತಿತು. ಭಾರತದ ಜೊತೆ ಸ್ವಂತ ವ್ಯಾಪಾರ ಒಪ್ಪಂದಕ್ಕೆ ಸಹಿ ಆಯಿತು. ಹೊರಗಿದ್ದರಿಂದಲೇ ಆದದ್ದು ಇವು. ವಲಸೆ ಕಡಿಮೆಯಾಗುತ್ತದೆ ಅಂದಿದ್ದರಲ್ಲ, ಅದು ಮಾತ್ರ ತಲೆಕೆಳಗಾಯಿತು. ಜನಮತದ ಹೊತ್ತಿಗೆ ವರ್ಷಕ್ಕೆ ಸುಮಾರು 3 ಲಕ್ಷ ಇದ್ದ ನಿವ್ವಳ ವಲಸೆ 2023ರಲ್ಲಿ 9 ಲಕ್ಷ ದಾಟಿತು. ಯುರೋಪಿನವರು ಕಡಿಮೆಯಾದರು, ಬೇರೆ ಕಡೆಯವರು ಬಂದರು. ಬಿಟ್ಟ ಖುಷಿಗೆ ತಂದ ನೀಲಿ ಪಾಸ್‌ಪೋರ್ಟ್ ಅಚ್ಚಾದದ್ದು ಪೋಲೆಂಡ್‌ನಲ್ಲಿ, ಗುತ್ತಿಗೆ ಫ್ರೆಂಚ್ ಒಡೆತನದ ಕಂಪನಿಗೆ. ಇದನ್ನು ಹೇಳದೆ ಇರಲು ನನ್ನಿಂದ ಆಗಲಿಲ್ಲ, ಕ್ಷಮಿಸಿ.

ಬಿಟ್ಟು ಚೆನ್ನಾಗಿ ನಿಭಾಯಿಸಿದವರು ಇದ್ದಾರಾ? ಇದ್ದಾರೆ. ಗ್ರೀನ್‌ಲ್ಯಾಂಡ್. 1972ರಲ್ಲಿ ಅಲ್ಲಿನ ಶೇ. 70 ಜನ ಸೇರುವುದು ಬೇಡ ಅಂದಿದ್ದರು, ಆದರೂ ಡೆನ್ಮಾರ್ಕ್ ಸೇರಿದಾಗ ಇವರೂ ಜೊತೆಗೆ ಸೇರಿಹೋದರು. ಮೀನೇ ಬದುಕು, ಆ ಮೀನಿನ ಲೆಕ್ಕ ಬ್ರಸೆಲ್ಸ್‌ನಲ್ಲಿ. 1979ರಲ್ಲಿ ಸ್ವಂತ ಆಡಳಿತ ಸಿಕ್ಕಿತು, 1982ರಲ್ಲಿ ಬಿಡೋಣ ಅಂತ ವೋಟು ಹಾಕಿದರು, 1985ರಲ್ಲಿ ಹೊರಬಂದರು. ಐವತ್ತು ಸಾವಿರದಷ್ಟು ಜನ, ಕೇಳಿದ್ದು ಒಂದೇ ವಿಷಯ, ಆದರೂ ಮೂರು ವರ್ಷ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಒಳ್ಳೆಯ ವ್ಯವಹಾರವೇ. ಮೀನು ಇವರ ಕೈಗೆ ಬಂತು, ಅಲ್ಲಿ ಹಿಡಿಯಲು ಒಕ್ಕೂಟವೇ ದುಡ್ಡು ಕೊಡುತ್ತದೆ, ಯುರೋಪಿನ ಮಾರುಕಟ್ಟೆಗೂ ದಾರಿ ತೆರೆದೇ ಇದೆ. ಅವರಿಗೆ ಏನು ಬೇಕು ಅಂತ ಗೊತ್ತಿತ್ತು.

ಆಫ್ರಿಕಾದ ಕಥೆ ಇನ್ನೊಂದು ತರಹ. ಮಾಲಿ, ಬುರ್ಕಿನಾ ಫಾಸೊ, ನೈಜರ್ 2025ರ ಜನವರಿ 29ಕ್ಕೆ ಪಶ್ಚಿಮ ಆಫ್ರಿಕಾದ ಒಕ್ಕೂಟ ಇಕೋವಾಸ್ ಬಿಟ್ಟವು. ಮೂರೂ ಕಡೆ ಸೇನೆಯ ಆಡಳಿತ. ಅವರ ಸಿಟ್ಟಿಗೂ ಕಾರಣ ಇತ್ತು. 2023ರಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಇಕೋವಾಸ್ ನಿರ್ಬಂಧ ಹೇರಿತು, ಬಲಪ್ರಯೋಗದ ಬೆದರಿಕೆಯನ್ನೂ ಹಾಕಿತು. ನೆರೆಯ ನೈಜೀರಿಯಾ ಕರೆಂಟ್ ಕಡಿಯಿತು, ನೈಜರ್‌ನ ಊರುಗಳು ಕತ್ತಲಾದವು. ನೆರೆಯವನು ಸ್ವಿಚ್ ಆರಿಸಿದರೆ ಮನೆ ಕತ್ತಲಾಗುವಂಥ ಒಕ್ಕೂಟದಲ್ಲಿ ಯಾರು ತಾನೇ ನೆಮ್ಮದಿಯಾಗಿರುತ್ತಾರೆ? ಆದರೆ ಮೂರಕ್ಕೂ ಸಮುದ್ರ ಇಲ್ಲ. ಸರಕು ಬರಬೇಕಾದ್ದು ಅದೇ ನೆರೆಯವರ ಬಂದರಿನಿಂದ. ಬಳಸುವ ಹಣ ಇನ್ನೂ ನೆರೆಯವರ ಜೊತೆ ಹಂಚಿಕೊಂಡ ಅದೇ ಸಿಎಫ್‌ಎ ಫ್ರಾಂಕ್. ಒಕ್ಕೂಟ ಬಿಟ್ಟರು, ಭೂಪಟ ಬಿಡಲು ಆಗಲಿಲ್ಲ.

ಹಣದ ಮಾತು ಬಂತು. ಬ್ರಿಟನ್‌ಗೆ ತನ್ನದೇ ಪೌಂಡ್ ಇತ್ತು, ಅದಕ್ಕೇ ಅಷ್ಟರಮಟ್ಟಿಗೆ ಬಚಾವಾಯಿತು. ಯೂರೋ ಬಳಸುವ ಗ್ರೀಸ್ ನೋಡಿ. 2015ರ ಜುಲೈನಲ್ಲಿ ಸಾಲ ಕೊಟ್ಟವರ ಷರತ್ತಿಗೆ ಶೇ. 61 ಜನ ಬೇಡ ಅಂದರು. ಅಷ್ಟೊತ್ತಿಗೆ ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ತನ್ನದೇ ನೋಟು ಇಲ್ಲದ ದೇಶ, ಎದ್ದು ಹೋಗಲು ಆಗಲಿಲ್ಲ; ಸುಮಾರು ಒಂದು ವಾರದಲ್ಲಿ ಅದೇ ಸರಕಾರ ಅಂಥದ್ದೇ ಕಠಿಣ ಷರತ್ತು ಒಪ್ಪಿಕೊಂಡಿತು.

ಹೀಗಾಗಿ, ನಾನು ಬ್ರಿಟಿಷನಾಗಿದ್ದರೆ ಉಳಿಯೋಣ ಅಂತ ವೋಟು ಹಾಕುತ್ತಿದ್ದೆ. ಗ್ರೀನ್‌ಲ್ಯಾಂಡ್‌ನವನಾಗಿದ್ದರೆ ಬಿಡೋಣ ಅನ್ನುತ್ತಿದ್ದೆ. ಬಿಡುವ ಹಕ್ಕು ಮಾತ್ರ ಎಲ್ಲರಿಗೂ ಇರಲೇಬೇಕು. 2009ರಲ್ಲಿ ಲಿಸ್ಬನ್ ಒಪ್ಪಂದದ 50ನೇ ವಿಧಿ ಬರುವವರೆಗೆ ಯುರೋಪಿಯನ್ ಒಕ್ಕೂಟದ ಒಪ್ಪಂದದಲ್ಲಿ ಬಿಡುವ ಕ್ರಮವನ್ನೇ ಬರೆದಿರಲಿಲ್ಲ, ಅದು ಸರಿಯಲ್ಲ.

ಈಗ ಹೊಸ ಪ್ರಶ್ನೆ ಶುರುವಾಗಿದೆ: "ಹಾಗಾದರೆ ಬ್ರಿಟನ್ ವಾಪಸ್ ಹೋಗಬೇಕಾ?" ಸಮೀಕ್ಷೆಗಳಲ್ಲಿ ಬಿಟ್ಟದ್ದು ತಪ್ಪಾಯಿತು ಅನ್ನುವವರೇ ಅಲ್ಲಿ ಜಾಸ್ತಿ. ಆದರೆ ವಾಪಸ್ ಅಂದರೆ ಯಾವುದಕ್ಕೆ? ಥ್ಯಾಚರ್ 1984ರಲ್ಲಿ ಹಠ ಹಿಡಿದು ತಂದ, ಒಕ್ಕೂಟಕ್ಕೆ ಕೊಡುವ ದುಡ್ಡಿನಲ್ಲಿ ಸಿಗುತ್ತಿದ್ದ ಆ ರಿಯಾಯಿತಿ ಇನ್ನು ಸಿಗುವುದು ಕಷ್ಟ. 27 ದೇಶವೂ ಒಪ್ಪಬೇಕು, 1963ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಫ್ರಾನ್ಸ್ ಒಂದೇ ಬಾಗಿಲು ಮುಚ್ಚಿತ್ತು. ಹೊಸದಾಗಿ ಸೇರುವವರು ಯೂರೋ ಬಳಸುವ ಮಾತು ಕೊಡಬೇಕು. ವಾಪಸ್ ಹೋಗೋಣ ಅಂತ ಕೈ ಎತ್ತಿದವರಿಗೆ, ಪೌಂಡ್ ಬಿಡಬೇಕಾಗುತ್ತದೆ ಪರವಾಗಿಲ್ವಾ ಅಂತ ಕೇಳಿದರೆ ಎಷ್ಟೋ ಕೈಗಳು ಕೆಳಗಿಳಿಯುತ್ತವೆ.