ಗುಹೆಯ ಕಲ್ಲು ಬೆಳೆಯುವುದು ನೀರು ಆರಿ ಅಲ್ಲ

ನೀರು ಆವಿಯಾಗಿ ಸುಣ್ಣ ಉಳಿಯುತ್ತದೆ, ಅದೇ ಬೆಳೆದು ಕಂಬವಾಗುತ್ತದೆ ಎಂಬ ವಿವರಣೆ ಪ್ರವಾಸಿ ಗುಹೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಬಾಗಿಲ ಬಳಿಯ ಒಣ ಭಾಗಕ್ಕೆ ಅದು ಅಷ್ಟಿಷ್ಟು ಒಪ್ಪೀತು. ಆದರೆ ಒಳಗೆ ತೇವಾಂಶ ಶೇ 100ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ನೀರು ಆರುವುದೆಲ್ಲಿ ಬಂತು?

ಅಲ್ಲಿ ಹೊರಬೀಳುವುದು ಇಂಗಾಲದ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಶೇ 0.04ರಷ್ಟೇ, ಬೇರು, ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನಲ್ಲಿ ಇದರ ಹತ್ತಾರು ಪಟ್ಟು. ಮಣ್ಣಿನ ಮೂಲಕ ಇಳಿಯುವ ಮಳೆನೀರು ಅದನ್ನು ಹೀರಿ ದುರ್ಬಲ ಆಮ್ಲವಾಗಿ, ಬಿರುಕುಗಳಲ್ಲಿ ಸುಣ್ಣಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಗುಹೆಯ ಗಾಳಿಯಲ್ಲಿ ಈ ಅನಿಲ ಮಣ್ಣಿಗಿಂತ ಕಡಿಮೆ, ಹಾಗಾಗಿ ನೀರು ಚಾವಣಿ ಮುಟ್ಟಿದಾಗ ಅನಿಲ ಗಾಳಿಗೆ ಬಿಟ್ಟುಹೋಗುತ್ತದೆ, ಹಿಡಿದಿಟ್ಟಿದ್ದ ಸುಣ್ಣ ಕ್ಯಾಲ್ಸೈಟ್ ಎಂಬ ಹರಳಾಗಿ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದೂ ಇದೇ ಕ್ರಿಯೆಯಿಂದ.

ತೊಟ್ಟಿಕ್ಕುವ ಮುನ್ನ ಹನಿ ಸ್ವಲ್ಪ ಹೊತ್ತು ತೂಗುತ್ತದಲ್ಲ, ಆಗ ಅದರ ಅಂಚಿನಲ್ಲಿ ತೆಳ್ಳನೆಯ ಉಂಗುರ ಕೂರುತ್ತದೆ. ಉಂಗುರದ ಕೆಳಗೆ ಉಂಗುರ ಸೇರಿ ಟೊಳ್ಳು ಕೊಳವೆಯಾಗುತ್ತದೆ: ಇದೇ ಸೋಡಾ ಸ್ಟ್ರಾ. ದಪ್ಪ ಹೆಚ್ಚೆಂದರೆ ಹನಿಯಷ್ಟೇ, ಸುಮಾರು 5 ಮಿ.ಮೀ. ಮರಳಿನ ಕಣವೋ ಹರಳೋ ತೂತು ಮುಚ್ಚಿತೆಂದರೆ ನೀರು ಹೊರಮೈ ಮೇಲೆ ಹರಿದು, ಬುಡ ದಪ್ಪ, ತುದಿ ಚೂಪಾದ ಸ್ಟ್ಯಾಲಕ್ಟೈಟ್, ಅಂದರೆ ಚಾವಣಿಯಿಂದ ಇಳಿಬಿದ್ದ ಕಲ್ಲು, ರೂಪುಗೊಳ್ಳುತ್ತದೆ. ನೆಲಕ್ಕೆ ಬಿದ್ದ ಹನಿ ಸಿಡಿದು ಹರಡುವುದರಿಂದ, ನೆಲದಿಂದ ಮೇಲೇಳುವ ಕಲ್ಲಾದ ಸ್ಟ್ಯಾಲಗ್ಮೈಟ್‌ಗೆ ಕೊಳವೆ ಇರುವುದಿಲ್ಲ, ತಲೆ ಮೊಂಡು. ಹನಿ ನಿಧಾನವಾದರೆ ಸುಣ್ಣ ಹೆಚ್ಚಾಗಿ ಮೇಲೇ ಕೂರುತ್ತದೆ. ಬೇಗ ಬೇಗ ಬಿದ್ದರೆ ಕೆಳಗಿನದಕ್ಕೆ ಹೆಚ್ಚು ಪಾಲು.

ಈ ಕಲ್ಲುಗಳ ಬೆಳವಣಿಗೆ ವರ್ಷಕ್ಕೆ 0.1 ಮಿ.ಮೀ. ಎಂಬುದು ರೂಢಿಯ ಅಂದಾಜು. ಆದರೆ ಹನಿಯ ವೇಗ, ಮೇಲಿನ ಮಣ್ಣು, ಋತು ಎಲ್ಲವೂ ಅದನ್ನು ಏರಿಳಿಸುತ್ತವೆ. ಉದ್ದ ಅಳೆದು ವಯಸ್ಸು ಹೇಳುವ ಫಲಕಗಳನ್ನು ನಾನಂತೂ ನಂಬುವುದಿಲ್ಲ. ವಯಸ್ಸು ಬೇಕಿದ್ದರೆ, ಕಲ್ಲಿನೊಳಗಿನ ಯುರೇನಿಯಂ ಎಷ್ಟು ಥೋರಿಯಂ ಆಗಿದೆ ಎಂದು ಅಳೆಯುವ ಯುರೇನಿಯಂ-ಥೋರಿಯಂ ಪರೀಕ್ಷೆಯೇ ಆಗಬೇಕು.

ಎಲ್ಲವೂ ಗಾಳಿಯ ಮೇಲೆ ನಿಂತಿರುವುದರಿಂದ ಪ್ರವಾಸಿಗರು ಬಂದೊಡನೆ ಲೆಕ್ಕ ತಪ್ಪುತ್ತದೆ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ 4. ಗುಹೆಯ ಗಾಳಿಯಲ್ಲಿ ಅದು ಹೆಚ್ಚಾದಷ್ಟೂ ಹನಿಯಿಂದ ಅನಿಲ ಹೊರಡುವುದು ಕಡಿಮೆ. ಉಸಿರಿನ ತೇವ ತಣ್ಣನೆಯ ಗೋಡೆ ಮೇಲೆ ಇಬ್ಬನಿಯಾಗಿ ಕೂತರೆ ಇದ್ದ ಕಲ್ಲೂ ಸವೆಯಬಹುದು. ಆದಿಮಾನವರ ಚಿತ್ರಗಳಿರುವ, 1948ರಲ್ಲಿ ಪ್ರವಾಸಿಗರಿಗೆ ತೆರೆದ ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1963ರಲ್ಲಿ ಮುಚ್ಚಲು ಜನರ ಉಸಿರೂ ಒಂದು ಕಾರಣ. ಬಾಗಿಲು ಸುಮ್ಮನೆ ತೆರೆದಿಟ್ಟರೂ ತೊಂದರೆಯೇ, ಒಳಗು ಒಣಗುತ್ತದೆ. ಅರಿಜೋನಾದ ಕಾರ್ಟ್‌ಚ್ನರ್ ಗುಹೆಯಲ್ಲಿ ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದನ್ನು ತೆರೆಯುವ ವ್ಯವಸ್ಥೆ ಇರುವುದು ಅದಕ್ಕೇ.

ಕೈ ಮುಟ್ಟಬೇಡಿ ಎನ್ನುವುದಕ್ಕೂ ಕಾರಣವಿದೆ: ಚರ್ಮದ ಜಿಡ್ಡು ಅಂಟಿದ ಕಡೆ ನೀರು ಸರಿಯಾಗಿ ಹರಡುವುದಿಲ್ಲ, ಮೈ ಕಪ್ಪಾಗುತ್ತದೆ.

ಗುಹೆಯೊಳಗೆ ಹಾಕಿದ ದೀಪದ ಸುತ್ತ ಹಸಿರು ಪಾಚಿ ಕಂಡರೆ ಗುಹೆ ನೋಡಿಕೊಳ್ಳುವವರು ಬ್ರಷ್ ಹಾಕಿ ಉಜ್ಜಬಾರದು, ಅದು ಇನ್ನಷ್ಟು ಹರಡುತ್ತದೆ. ಮೊದಲು ದೀಪ ಉರಿಯುವ ಹೊತ್ತು ಇಳಿಸಿ, ಕಲ್ಲಿನಿಂದ ದೂರ ಸರಿಸಿ. ಬ್ಲೀಚ್‌ಗಿಂತ ಶೇ 15ರ ಹೈಡ್ರೋಜನ್ ಪೆರಾಕ್ಸೈಡ್ ವಾಸಿ. ಆದರೆ ಅದೂ ಕ್ಯಾಲ್ಸೈಟನ್ನು ತಿನ್ನುತ್ತದೆ. ಹಾಗಾಗಿ ಸಿಂಪಡಿಸುವ ಕನಿಷ್ಠ 10 ಗಂಟೆ ಮೊದಲೇ ದ್ರಾವಣಕ್ಕೆ ಸುಣ್ಣಕಲ್ಲಿನ ಚೂರುಗಳನ್ನು ಹಾಕಿಟ್ಟಿರಬೇಕು.