ಒಂಬತ್ತು ಹದಿನೈದರ ದರ

ಷೇರುಪೇಟೆಯ ದರ ಪರದೆಯ ಮೇಲೆ ತಡವಾಗಿ ಮೂಡುತ್ತಿದೆ ಎಂದಾಗ ಹೆಚ್ಚಿನವರು ಮೊದಲು ಬೊಟ್ಟು ಮಾಡುವುದು ಮುಂಬೈ ದೂರವಿದೆ ಎಂಬುದರ ಕಡೆಗೆ. ಕಲಬುರಗಿಯ ನೆಹರೂ ಗಂಜ್‌ನಲ್ಲಿ, ಅಡತಿ ಅಂಗಡಿಗಳ ಮೇಲಿನ ಅಂತಸ್ತಿನಲ್ಲಿರುವ ದೊಡ್ಡ ಬ್ರೋಕರ್ ಸಂಸ್ಥೆಯೊಂದರ ಪರವಾಗಿ ಗ್ರಾಹಕರ ಷೇರು ವಹಿವಾಟು ನೋಡಿಕೊಳ್ಳುವ ಒಂದು ಕಚೇರಿಗೆ ಇಂಥ ತಡವನ್ನು ಸರಿಪಡಿಸಲು ಹೋದಾಗ ಅಲ್ಲಿನ ಹಿರಿಯರೂ ನನಗೆ ಹಾಗೆಯೇ ಹೇಳಿದರು: "ಮುಂಬೈ ಎಲ್ಲಿ, ಕಲಬುರಗಿ ಎಲ್ಲಿ ತಮ್ಮಾ, ತಡ ಆಗೋದು ಆಗೇ ಆಗ್ತದ."

ಲೆಕ್ಕ ಹಾಕಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಆಪ್ಟಿಕಲ್ ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೇಬಲ್ ಸುತ್ತುಬಳಸಿ 1,000 ಕಿಲೋಮೀಟರ್ ಆಯಿತೆಂದುಕೊಂಡರೂ ದೂರದಿಂದಾಗುವ ತಡ 5 ಮಿಲಿಸೆಕೆಂಡ್ ಮಾತ್ರ. ನಡುವಿನ ರೂಟರ್‌ಗಳದ್ದನ್ನು ಸೇರಿಸಿದರೂ ಕೆಲವು ಹತ್ತು ಮಿಲಿಸೆಕೆಂಡ್‌ಗಳಿಗೆ ಮುಗಿಯಬೇಕು. ಕಚೇರಿಯವರ ದೂರು ಇದ್ದದ್ದು ಸೆಕೆಂಡುಗಳ ಬಗ್ಗೆ. ಬೆಳಿಗ್ಗೆ 9:15ಕ್ಕೆ ವಹಿವಾಟು ಶುರುವಾದ ಕೂಡಲೇ ಗ್ರಾಹಕರ ಮೊಬೈಲಿನಲ್ಲಿ ಒಂದು ದರ, ಗೋಡೆಯ ಪರದೆಯಲ್ಲಿ ಇನ್ನೊಂದು ದರ. ಹತ್ತು ಗಂಟೆಯ ಹೊತ್ತಿಗೆ ಎರಡೂ ತಾವಾಗಿಯೇ ಒಂದಾಗುತ್ತಿದ್ದವು. ತಡಕ್ಕೆ ದೂರವೇ ಕಾರಣವಾಗಿದ್ದರೆ ಅದು ಮಧ್ಯಾಹ್ನವೂ ಅಷ್ಟೇ ಇರಬೇಕಿತ್ತು. ಬೆಳಿಗ್ಗೆ ಬೆಳೆದು ಆಮೇಲೆ ಕರಗುವ ತಡವೆಂದರೆ ಎಲ್ಲೋ ಸಾಲು ಕಟ್ಟುತ್ತಿದೆ ಎಂದೇ ಅರ್ಥ. ಆ ಸಾಲು ಎಲ್ಲಿದೆ ಎಂದು ಹುಡುಕುವುದೇ ನನ್ನ ಕೆಲಸವಾಯಿತು.

ಹುಡುಕಲು ಅಳತೆ ಬೇಕು, ಅಳತೆಗೆ ಸರಿಯಾದ ಗಡಿಯಾರ ಬೇಕು. ಬ್ರೋಕರ್ ಸಂಸ್ಥೆಯ ಸರ್ವರಿನಿಂದ ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕದ ಮೂಲಕ ಬರುವ ಪ್ರತಿ ದರದ ಜೊತೆಗೆ ಷೇರು ವಿನಿಮಯ ಕೇಂದ್ರದ ಸಮಯವೂ ಬರುತ್ತದೆ. ನಮ್ಮ ಕಂಪ್ಯೂಟರಿನ ಸಮಯದಿಂದ ಅದನ್ನು ಕಳೆದರೆ ತಡ ಸಿಗಬೇಕು. ಮೊದಲ ಸಲ ಕಳೆದಾಗ ಉತ್ತರ ಋಣಸಂಖ್ಯೆಯಾಗಿ ಬಂತು. ಅಂದರೆ ವಹಿವಾಟು ನಡೆಯುವ ಮೊದಲೇ ಅದರ ದರ ಕಲಬುರಗಿಗೆ ಬಂದು ತಲುಪಿತ್ತು! ಕಚೇರಿಯ ಕಂಪ್ಯೂಟರುಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗದೆ, ಕೆಲವು ಹಿಂದೆ ಬಿದ್ದಿದ್ದವು. ಎಲ್ಲವನ್ನೂ ಎನ್‌ಟಿಪಿ, ಅಂದರೆ ಜಾಲದ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆಯಿಂದ ಭಾರತೀಯ ಕಾಲಮಾನಕ್ಕೆ ಹೊಂದಿಸಿದ ಮೇಲಷ್ಟೇ ಅಂಕಿಗಳು ನಂಬುವಂತಾದವು. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕೊನೆಯ ವಹಿವಾಟಿನ ಸಮಯವೇ ಬೇರೆ, ದರದ ಪ್ಯಾಕೆಟ್ ಹೊರಟ ಸಮಯವೇ ಬೇರೆ. ಕೊಳ್ಳುವವರಿಲ್ಲದ ಸಣ್ಣ ಕಂಪನಿಯ ಷೇರು ಹತ್ತು ನಿಮಿಷ ಕೈ ಬದಲಾಗದಿದ್ದರೆ ಅದರ ಕೊನೆಯ ವಹಿವಾಟಿನ ಸಮಯ ಹಳೆಯದಾಗಿಯೇ ಕಾಣುತ್ತದೆ, ಆದರೆ ಅದು ತಡವಲ್ಲ. ಈ ಎರಡನ್ನೂ ಬೆರೆಸಿದರೆ ಇಲ್ಲದ ರೋಗಕ್ಕೆ ಮದ್ದು ಹುಡುಕಿದಂತಾಗುತ್ತದೆ.

ಮುಂದೆ ದರ ಸಾಗುವ ದಾರಿಯ ಪ್ರತಿ ಹಂತದಲ್ಲೂ ಸಮಯ ಬರೆದಿಡುವ ವ್ಯವಸ್ಥೆ ಮಾಡಿ, ಪೇಟೆ ತೆರೆಯುವ ಹೊತ್ತಿಗೆ ಅಲ್ಲೇ ಕುಳಿತೆ. ಸಾಲು ಸಿಕ್ಕಿದ್ದು ಕಚೇರಿಯೊಳಗೇ. ದರಗಳನ್ನು ಪಡೆದು ಉಳಿದ ಪರದೆಗಳಿಗೆ ಹಂಚುವ ಒಂದು ಹಳೆಯ ಪ್ರೋಗ್ರಾಂ ಅಲ್ಲಿತ್ತು. ಅದು ಒಂದು ದರವನ್ನು ಓದಿ, ಬಿಡಿಸಿ, ಹಾರ್ಡ್ ಡಿಸ್ಕಿಗೆ ಬರೆದು, ಪರದೆಗಳಿಗೆ ಕಳುಹಿಸಿ, ಆಮೇಲೆ ಮುಂದಿನದನ್ನು ಓದುತ್ತಿತ್ತು. ಮಧ್ಯಾಹ್ನದ ನಿಧಾನದ ಪೇಟೆಗೆ ಈ ಕ್ರಮ ಸಾಕಾಗುತ್ತದೆ. 9:15ಕ್ಕೆ ದರಗಳು ಮುಗಿಬಿದ್ದು ಬರುವಾಗ ಡಿಸ್ಕಿಗೆ ಬರೆಯುವುದು ಮುಗಿಯುವವರೆಗೆ ಹೊಸ ದರಗಳು ಆಪರೇಟಿಂಗ್ ಸಿಸ್ಟಮ್ಮಿನ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕಾಯುತ್ತವೆ. ಬಫರ್ ತುಂಬಿದಾಗ ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಟಿಸಿಪಿ ನಿಯಮದಂತೆ ಮುಂಬೈಯ ಸರ್ವರ್ ಕೂಡ ಕಳುಹಿಸುವುದನ್ನು ತಡೆಹಿಡಿಯುತ್ತದೆ. ಹೀಗೆ ಕಚೇರಿಯ ಮೂಲೆಯ ಒಂದು ಡಿಸ್ಕಿನ ನಿಧಾನ ಇಂಟರ್ನೆಟ್ಟಿನ ನಿಧಾನವೆಂಬಂತೆ ಕಾಣುತ್ತಿತ್ತು.

ಈ ಕೆಲಸಗಳನ್ನು ಬೇರ್ಪಡಿಸಿದೆ. ದರ ಓದುವ ಭಾಗ ಈಗ ಓದುವುದನ್ನಷ್ಟೇ ಮಾಡುತ್ತದೆ. ಡಿಸ್ಕಿಗೆ ಬರೆಯುವುದು ಅದರ ಜೊತೆಜೊತೆಗೇ ಓಡುವ ಇನ್ನೊಂದು ಥ್ರೆಡ್ಡಿನಲ್ಲಿ, ಗೊಂಚಲು ಗೊಂಚಲಾಗಿ ನಡೆಯುತ್ತದೆ. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಪರದೆಗೆ ಹೋಗುವ ದಾರಿಯಲ್ಲಿ ಸಾಲನ್ನೇ ತೆಗೆದುಹಾಕಿದ್ದು. ಪ್ರತಿ ಷೇರಿಗೂ ಒಂದೇ ಸ್ಥಾನ, ಹೊಸ ದರ ಬಂದರೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಕೂರುತ್ತದೆ. ಕಣ್ಣಿನಿಂದ ನೋಡಿ ತೀರ್ಮಾನಿಸುವ ಮನುಷ್ಯನಿಗೆ ನಡುವಿನ ಮೂವತ್ತು ದರಗಳು ಬೇಕಿಲ್ಲ, ಈಗಿನದು ಬೇಕು. ಚಾರ್ಟ್ ಬರೆಯುವವರಿಗೆ ಪ್ರತಿಯೊಂದೂ ಬೇಕು, ಅವರಿಗೆ ಡಿಸ್ಕಿನಲ್ಲಿರುವ ದಾಖಲೆ ಇದೆ. ಗೋಡೆಯ ಪರದೆಯ ವೈ-ಫೈ ಬಿಡಿಸಿ ಲ್ಯಾನ್ ಕೇಬಲ್ ಎಳೆಸಿದ್ದು ಸಣ್ಣ ಕೆಲಸ, ಆದರೂ ಆಗಾಗ ದರ ಗಕ್ಕನೆ ನಿಂತು ಜಿಗಿಯುವುದು ಅದರಿಂದ ತಪ್ಪಿತು.

ಇಷ್ಟಾದರೂ ಹಿರಿಯರ ಮೇಜಿನ ಮೇಲಿನ ದರ ಮಾತ್ರ ಹಿಂದೆಯೇ ಉಳಿಯಿತು. ಅವರು ನೋಡುವುದು ಗೋಡೆಯನ್ನಲ್ಲ, ವರ್ಷಗಳಿಂದ ತಾವೇ ಕಟ್ಟಿಕೊಂಡು ಬಂದ ಒಂದು ಎಕ್ಸೆಲ್ ಹಾಳೆಯನ್ನು. ಗೋಡೆಯ ಅಂಕಿ ಓಡುತ್ತಿದ್ದರೆ ಹಾಳೆಯ ಅಂಕಿ ತಡೆದು ತಡೆದು ಬದಲಾಗುತ್ತಿತ್ತು. ನಡುವಿನ ಅಂತರ ಹೆಚ್ಚುಕಡಿಮೆ ಎರಡೇ ಸೆಕೆಂಡ್. ಅಷ್ಟು ನಿಯಮಿತವಾದ ತಡವನ್ನು ಯಾರೋ ಬೇಕೆಂದೇ ಇಟ್ಟಿರಬೇಕು. ಹೊರಗಿನಿಂದ ಬರುವ ನೇರ ಮಾಹಿತಿಯನ್ನು ಆರ್‌ಟಿಡಿ ಎಂಬ ಸೌಲಭ್ಯದ ಮೂಲಕ ಪಡೆಯುವಾಗ ಎಕ್ಸೆಲ್ 2,000 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹಾಳೆಯನ್ನು ಹೊಸದು ಮಾಡುತ್ತದೆ. ಥ್ರಾಟಲ್ ಇಂಟರ್ವಲ್ ಎಂಬ ಆ ಮೌಲ್ಯವನ್ನು ಯಾರೂ ಮುಟ್ಟದಿದ್ದರೆ ಅದು ಹಾಗೆಯೇ ಇರುತ್ತದೆ. ಅದನ್ನು 200ಕ್ಕೆ ಇಳಿಸಿದೆ. ಹಿರಿಯರು ಒಮ್ಮೆ ಹಾಳೆಯನ್ನು, ಒಮ್ಮೆ ಗೋಡೆಯನ್ನು ನೋಡಿ, "ಈಗ ಎರಡೂ ಕೂಡೇ ಹೊಂಟಾವ ನೋಡು" ಎಂದರು. ಸೊನ್ನೆಗೆ ಇಳಿಸಬಹುದಿತ್ತು, ಆದರೆ ಅಷ್ಟು ಸೂತ್ರಗಳಿರುವ ಹಾಳೆ ಲೆಕ್ಕ ಮಾಡುತ್ತಲೇ ಉಸಿರುಗಟ್ಟುತ್ತಿತ್ತು.

ಮೈಕ್ರೋಸೆಕೆಂಡುಗಳಿಗಾಗಿ ಪೈಪೋಟಿ ನಡೆಸುವವರು ವಿನಿಮಯ ಕೇಂದ್ರದ ಕಟ್ಟಡದಲ್ಲೇ ತಮ್ಮ ಸರ್ವರ್ ಇಟ್ಟಿರುತ್ತಾರೆ. ಗಂಜ್‌ನ ಮೇಲಂತಸ್ತಿನಿಂದ ಅವರ ಜೊತೆ ಓಡುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಇಲ್ಲಿನ ಗ್ರಾಹಕರಲ್ಲಿ ಬಹಳ ಮಂದಿ ಕೆಳಗಿನ ಅಂಗಡಿಗಳ ತೊಗರಿ ವ್ಯಾಪಾರಿಗಳು. ತೊಗರಿಯ ವಾಯದಾ ವ್ಯಾಪಾರವನ್ನು (ಮುಂದೆ ಕೊಡುವ ಸರಕಿಗೆ ಇಂದೇ ದರ ಕಟ್ಟುವುದು) 2007ರಲ್ಲೇ ನಿಲ್ಲಿಸಿದ್ದರಿಂದ ಅವರ ಸ್ವಂತ ಸರಕಿಗೆ ಸೆಕೆಂಡ್ ಸೆಕೆಂಡಿಗೆ ಬದಲಾಗುವ ದರವಿಲ್ಲ, ಎಪಿಎಂಸಿಯ ಟೆಂಡರಿನಲ್ಲಿ ತೆರೆದದ್ದೇ ಆ ದಿನದ ದರ. ಆ ರೂಢಿಯವರು ಪರದೆಯ ಅಂಕಿಯನ್ನೂ ಹಾಗೆಯೇ ಪೂರ್ತಿ ನಂಬುತ್ತಾರೆ, ನಂಬಿ, ಆ ಗಳಿಗೆಯಲ್ಲಿ ಸಿಕ್ಕ ದರಕ್ಕೇ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕುತ್ತಾರೆ, ಮತ್ತು ಬೇರೆ ದರಕ್ಕೆ ಷೇರು ಬಂದು ಬಿದ್ದಾಗ ನಷ್ಟ ಅವರದಾಗುತ್ತದೆ. ತಡವಾಗಿ ಬಂದ ದರಕ್ಕಿಂತ, ತಡವಾಗಿದ್ದೂ ಈಗಿನದೆಂಬಂತೆ ಹೊಳೆಯುವ ದರ ಹೆಚ್ಚು ಅಪಾಯಕಾರಿ. ಅದಕ್ಕಾಗಿ ನಾನು ಕೈಹಾಕಿದ ಕೊನೆಯ ಕೆಲಸ ಇದು: ಸಂಪರ್ಕದಿಂದ 2 ಸೆಕೆಂಡಿನವರೆಗೆ ಏನೂ ಬಾರದಿದ್ದರೆ, ಇಲ್ಲವೇ ಬಂದದ್ದು ಅಷ್ಟು ಹಳೆಯದಾಗಿದ್ದರೆ, ಅಂಕಿಗಳೆಲ್ಲ ಬೂದುಬಣ್ಣಕ್ಕೆ ತಿರುಗಬೇಕು.

ಹಿರಿಯರಿಗೆ ಇದು ಮೊದಲು ಹಿಡಿಸಲಿಲ್ಲ. "ಗಿರಾಕಿ ಮುಂದ ರೇಟ್ ಮಸುಕಾದ್ರ ಹೆಂಗ ತಮ್ಮಾ?" ಎಂದು ಕೇಳಿದರು. "ಮಸುಕಾದಾಗ ಆರ್ಡರ್ ಹಾಕಬ್ಯಾಡ್ರಿ ಅಣ್ಣಾರೆ, ಅಷ್ಟೇ" ಎಂದೆ. ಕೆಲವು ದಿನಗಳ ನಂತರ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ, ಪೇಟೆ ತೆರೆದ ಸ್ವಲ್ಪ ಹೊತ್ತಿಗೆ ಎಲ್ಲ ಪರದೆಗಳೂ ಬೂದುಬಣ್ಣಕ್ಕೆ ತಿರುಗಿದವು. ಫೋನ್ ಮಾಡಿದ ಪ್ರತಿ ಗ್ರಾಹಕರಿಗೂ ಹಿರಿಯರು ಲೈನ್ ಬರುವವರೆಗೆ ತಡೆಯಿರಿ ಎಂದು ಹೇಳಿದರು, ಸಂಜೆ ನನ್ನನ್ನು ಕರೆಸಿ ಬೇರೆ ಕಂಪನಿಯ ಎರಡನೆಯ ಲೈನ್ ಹಾಕಿಸಲು ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸಿದರು.