ನೆಹರೂ ಸ್ಟೇಡಿಯಂನ ಹತ್ತು ಹರ್ಡಲ್‌ಗಳು

ದಕ್ಷಿಣ ಏಷ್ಯಾ ಜೂನಿಯರ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ 2024ರ ಸೆಪ್ಟೆಂಬರ್ 11ರಿಂದ 13ರವರೆಗೆ ಚೆನ್ನೈನಲ್ಲಿ ನಡೆಯಲಿದೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನವೇ, ಅಣ್ಣನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದೆ. ಅವಳು ಚನ್ನರಾಯಪಟ್ಟಣದಲ್ಲಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯ ಪರವಾಗಿ 80 ಮೀಟರ್ ಹರ್ಡಲ್ಸ್, ಅಂದರೆ ದಾರಿಗೆ ಅಡ್ಡವಾಗಿಟ್ಟ ಚೌಕಟ್ಟುಗಳನ್ನು ದಾಟುತ್ತ ಓಡುವ ಓಟ, ಓಡುತ್ತಾಳೆ. ತಾಲ್ಲೂಕು ಮಟ್ಟದ ಕೂಟಗಳನ್ನು ಬಿಟ್ಟರೆ ಬೇರೆ ಯಾವುದನ್ನೂ ಅವಳು ಕಂಡಿರಲಿಲ್ಲ. ಇಪ್ಪತ್ತು ವರ್ಷದೊಳಗಿನವರ ಈ ಕೂಟ ಮೊದಲು ನಡೆದದ್ದು 2007ರಲ್ಲಿ, ಕೊಲಂಬೊದಲ್ಲಿ. ಅನಂತರ 2013ರಲ್ಲಿ ರಾಂಚಿ, 2018ರಲ್ಲಿ ಮತ್ತೆ ಕೊಲಂಬೊ. ಚೆನ್ನೈನದು ನಾಲ್ಕನೆಯದು. 2018ರಲ್ಲಿ ಹದಿನಾಲ್ಕು ವರ್ಷದವನಾಗಿದ್ದ ಹುಡುಗ ಮುಂದಿನ ಕೂಟ ಬರುವಷ್ಟರಲ್ಲಿ ಇಪ್ಪತ್ತು ತುಂಬಿದವನಾಗಿರುತ್ತಾನೆ. ಅಂದರೆ ಒಂದು ಇಡೀ ತಲೆಮಾರಿನ ಮಕ್ಕಳಿಗೆ ಈ ಬಾಗಿಲು ತೆರೆಯಲೇ ಇಲ್ಲ. ಮುಂದಿನದು ಎಂದು, ಎಲ್ಲಿ ನಡೆಯುವುದೋ ಎಂದು ಕಾಯುತ್ತ ಕೂರುವುದು ನನಗೆ ಸರಿಕಾಣಲಿಲ್ಲ. ಮುಖ್ಯೋಪಾಧ್ಯಾಯರು ರಜೆ ಕೊಟ್ಟರು, ನಾವು ಹೊರಟೆವು.

ಬೆಂಗಳೂರಿನಿಂದ ಚೆನ್ನೈಗೆ ರೈಲು ಪ್ರಯಾಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ವಸತಿಯ ಬಗ್ಗೆ ಮಾತ್ರ ಹೇಳಲೇಬೇಕು. ಸೆಂಟ್ರಲ್ ನಿಲ್ದಾಣಕ್ಕೆ ಸಮೀಪದ ಒಂದು ಲಾಡ್ಜಿನಲ್ಲಿ ಪೂರ್ತಿ ಹಣ ಕಟ್ಟಿ ಕೋಣೆ ಕಾದಿರಿಸಿದ್ದೆ. ಚೀಲಗಳನ್ನು ಹೊತ್ತು ಹೋಗಿ ನಿಂತಾಗ, ಮೇಜಿನ ಹಿಂದಿದ್ದ ವ್ಯಕ್ತಿ ಕೋಣೆ ಖಾಲಿಯಿಲ್ಲವೆಂದೂ ಹಣ ವಾರದೊಳಗೆ ಹಿಂದಕ್ಕೆ ಬರುವುದೆಂದೂ ತಲೆಯೆತ್ತದೆ ಹೇಳಿದ. ಅಪರಿಚಿತ ಊರಿನಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ಜೊತೆಗೊಬ್ಬ ಶಾಲಾ ಹುಡುಗಿಯಿರುವ ಹೆಂಗಸಿಗೆ ಆ ಮಾತು ಎಷ್ಟು ಭಾರವಾಗಿರುತ್ತದೆ ಎಂಬುದು ಅವನಿಗೆ ಹೊಳೆದಂತೆ ಕಾಣಲಿಲ್ಲ. ಕೊನೆಗೆ ಎಗ್ಮೋರ್ ಕಡೆ ಹೋಗಿ ಬೇರೊಂದು ಕೋಣೆ ಹಿಡಿದೆವು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮಾತು ಇಷ್ಟೇ: ಕಾದಿರಿಸಿದ ಮೇಲೂ ಹೊರಡುವ ಹಿಂದಿನ ದಿನ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳಿ, ಮಾತನಾಡಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಆದಷ್ಟೂ ಬೆಳಕಿರುವಾಗಲೇ ಊರು ಸೇರಿ.

ಜವಾಹರಲಾಲ್ ನೆಹರೂ ಸ್ಟೇಡಿಯಂ ಸೆಂಟ್ರಲ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿದೆ. ಬಿಳಿಯ ರಿಪ್ಪನ್ ಕಟ್ಟಡದ ಹಿಂಬದಿಗೆ ಸಾಗಿದರೆ ದೀಪದ ಕಂಬಗಳು ಕಾಣಿಸತೊಡಗುತ್ತವೆ. 1995ರ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆದದ್ದೂ ಈ ಊರಿನಲ್ಲಿಯೇ. ದಾರಿಯಲ್ಲಿ ಕಾಫಿ ಕುಡಿದೆವು. ಚೆನ್ನೈನ ಕಾಫಿಯನ್ನು ಹೊಗಳುವವರು ಬಹಳ ಮಂದಿ ಇದ್ದಾರಾದರೂ, ಹಾಸನದ ನಾಲಿಗೆಗೆ ಅದರಲ್ಲಿ ಚಿಕೋರಿಯೇ ಹೆಚ್ಚೆನಿಸಿತು. ಇಡ್ಲಿಯ ವಿಷಯದಲ್ಲಿ ಮಾತ್ರ ಅವರಿಗೆ ಎದುರಿಲ್ಲ.

ಏಳು ದೇಶಗಳ ಮಕ್ಕಳು ಅಲ್ಲಿದ್ದರು. ಶ್ರೀಲಂಕಾದವರು ವೇಗದ ಓಟಗಳಲ್ಲಿ ನಮ್ಮವರ ಬೆನ್ನಿಗೇ ಇದ್ದರು, ಕೆಲವು ಕಡೆ ಮುಂದೆಯೂ ಇದ್ದರು. ತಮಿಳುನಾಡಿನ ಅಭಿನಯಾ ರಾಜರಾಜನ್ 100 ಮೀಟರನ್ನು 11.77 ಸೆಕೆಂಡುಗಳಲ್ಲಿ ಗೆದ್ದಳು. ಹರಿಯಾಣದ ಪೂಜಾ ಸಿಂಗ್ ಎತ್ತರ ಜಿಗಿತದಲ್ಲಿ 1.80 ಮೀಟರ್ ದಾಟಿ ಚಿನ್ನ ಪಡೆದಳು. ಫತೇಹಾಬಾದ್ ಜಿಲ್ಲೆಯ ಬೋಸ್ತಿ ಎಂಬ ಹಳ್ಳಿಯ, ಗಾರೆ ಕೆಲಸದವರ ಮಗಳಾದ ಆಕೆ ಮೊದಲು ಅಭ್ಯಾಸ ಮಾಡಿದ್ದು ಬಿದಿರಿನ ಗಳದ ಮೇಲಿಂದ ಹಾರಿ, ಹುಲ್ಲು ತುಂಬಿದ ಚೀಲಗಳ ಮೇಲೆ ಬಿದ್ದು. ಮರುವರ್ಷ, 2025ರಲ್ಲಿ, ದಕ್ಷಿಣ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಆಕೆ 1.89 ಮೀಟರ್ ಹಾರಿ ಚಿನ್ನ ಗೆದ್ದಾಗ, ಆ ಹುಲ್ಲಿನ ಚೀಲಗಳ ಕಥೆಯನ್ನು ನಾನು ಶಾಲೆಯ ಮಕ್ಕಳಿಗೆಲ್ಲ ಹೇಳಿದ್ದೇನೆ.

ಆದರೆ ಆ ಪ್ರವಾಸವೆಂದರೆ ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಹರ್ಡಲ್ಸ್ ಸ್ಪರ್ಧೆ ಮತ್ತು ಅದಕ್ಕೆ ಮುನ್ನ ಗ್ಯಾಲರಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರೊಡನೆ ನಡೆದ ಮಾತುಕತೆ. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಅವರೇ ತಿರುಗಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬಹುಕಾಲ ಪಿ.ಟಿ. ಮಾಸ್ಟರಾಗಿದ್ದವರು, ನಿವೃತ್ತಿಯ ನಂತರ ಪೆರಂಬೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕೈಯಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ, ಕೊರಳಲ್ಲಿ ಹಳೆಯ ಸ್ಟಾಪ್‌ವಾಚ್.

“ನೀನೂ ಓಡ್ತೀಯೇನಮ್ಮಾ?” ಎಂದು ಹುಡುಗಿಯನ್ನು ಕೇಳಿದರು.

“ಎಂಬತ್ತು ಮೀಟರ್ ಹರ್ಡಲ್ಸ್ ಸಾರ್.”

“ಹರ್ಡಲ್‌ನಿಂದ ಹರ್ಡಲ್‌ಗೆ ಎಷ್ಟು ಹೆಜ್ಜೆ?”

“ನಾಲ್ಕು ಸಾರ್. ಒಂದೊಂದು ಸಲ ಐದು.”

“ಯಾವ ಕಾಲು ಮುಂದೆ ಹೋಗುತ್ತೆ?”

“ಯಾವುದು ಬಂದರೆ ಅದು.”

ಅವರು ತಲೆಯಾಡಿಸಿ, ಕಡಲೆಕಾಯಿಯ ಸಿಪ್ಪೆಗಳನ್ನು ಸಿಮೆಂಟಿನ ಮೆಟ್ಟಿಲಿನ ಮೇಲೆ ಸಾಲಾಗಿ, ಒಂದೇ ಅಂತರದಲ್ಲಿ ನಿಲ್ಲಿಸತೊಡಗಿದರು. ಎರಡು ಬೆರಳುಗಳನ್ನೇ ಕಾಲುಗಳನ್ನಾಗಿ ಮಾಡಿ, ಸಿಪ್ಪೆಯಿಂದ ಸಿಪ್ಪೆಗೆ ಮೂರು ಹೆಜ್ಜೆ ಓಡಿಸಿ ತೋರಿಸಿದರು. ನಡುವೆ ಮೂರೇ ಹೆಜ್ಜೆಯಿದ್ದರೆ ಪ್ರತಿ ಹರ್ಡಲ್‌ನ ಮೇಲೆ ಅದೇ ಕಾಲು ಮುಂದೆ ಬರುತ್ತದೆ. ನಾಲ್ಕಾದರೆ ಕಾಲು ಅದಲು ಬದಲಾಗುತ್ತದೆ, ಐದಾದರೆ ಓಟವೇ ಒಡೆದುಹೋಗುತ್ತದೆ. “ಇದು ಹಾರೋ ಆಟ ಅಲ್ಲಮ್ಮಾ, ಓಡೋ ಆಟ. ಮೇಲೆ ಇದ್ದಷ್ಟು ಹೊತ್ತು ನೀನು ಓಡ್ತಾ ಇರಲ್ಲ. ಅದಕ್ಕೇ ಬೇಗ ನೆಲಕ್ಕೆ ಬಾ,” ಎಂದರು.

ಅಷ್ಟರಲ್ಲಿ ಕೆಳಗೆ ಸ್ವಯಂಸೇವಕರು ಹರ್ಡಲ್‌ಗಳನ್ನು ತಂದು ಇಡುತ್ತಿದ್ದರು. ಟ್ರ್ಯಾಕಿನ ಮೇಲೆ ಚಿಕ್ಕ ಚಿಕ್ಕ ಬಣ್ಣದ ಗುರುತುಗಳಿರುವುದನ್ನು ಮಾಸ್ಟರು ತೋರಿಸಿದರು. ಮಹಿಳೆಯರ 100 ಮೀಟರಿಗೆ ಹಳದಿ, ಪುರುಷರ 110 ಮೀಟರಿಗೆ ನೀಲಿ, 400 ಮೀಟರಿಗೆ ಹಸಿರು. ಮಹಿಳೆಯರ ಸ್ಪರ್ಧೆಯಲ್ಲಿ ಮೊದಲ ಹರ್ಡಲ್ 13 ಮೀಟರಿಗೆ, ಮುಂದಿನವು ಎಂಟೂವರೆ ಮೀಟರಿಗೊಂದರಂತೆ ಒಟ್ಟು ಹತ್ತು, ಕೊನೆಗೆ ಹತ್ತೂವರೆ ಮೀಟರಿನ ಓಟ. ಎತ್ತರ 83.8 ಸೆಂಟಿಮೀಟರ್. ಎತ್ತರ ಬದಲಿಸಿದಾಗಲೆಲ್ಲ ಹರ್ಡಲ್‌ನ ಪಾದದಲ್ಲಿರುವ ತೂಕದ ತುಂಡನ್ನೂ ಸರಿಸಬೇಕು. ಮೇಲಿನ ಪಟ್ಟಿಯ ನಡುವೆ ಸುಮಾರು 3.6ರಿಂದ 4 ಕಿಲೋ ಬಲ ಬಿದ್ದರೆ ಹರ್ಡಲ್ ಮಗುಚಬೇಕು ಎಂಬುದು ನಿಯಮ. ಓಟಗಾರ ಬರುವ ಕಡೆಗೆ ಪಾದಗಳು ಚಾಚಿಕೊಂಡಿರುವುದರಿಂದ ಕಾಲು ತಗುಲಿದರೆ ಅದು ಮುಂದಕ್ಕೆ ಉರುಳುತ್ತದೆ. ದಾಟುವಾಗ ಕಾಲು ತಗುಲಿ ಹರ್ಡಲ್ ಬಿದ್ದರೆ ಸಾಮಾನ್ಯವಾಗಿ ಓಟಕ್ಕೆ ಕುಂದಿಲ್ಲ.

ನಮ್ಮ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ಬೀಳತ್ತಾ ಸಾರ್ ಅದು?” ಎಂದು ಕೇಳಿದಳು. ಅನಂತರ ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ಕಣಕಾಲಿನ ಮುಂಭಾಗದಲ್ಲಿದ್ದ ಗಾಯದ ಗುರುತುಗಳನ್ನು ತೋರಿಸಿದಳು. ಅವಳು ಅಭ್ಯಾಸ ಮಾಡುವ ಮೈದಾನದಲ್ಲಿರುವುದು ಕಬ್ಬಿಣದ ಆ್ಯಂಗಲ್‌ಗಳನ್ನು ಬೆಸುಗೆ ಹಾಕಿ, ಎರಡೂ ಕಡೆ ಪಾದ ಕೊಟ್ಟು ಮಾಡಿಸಿದ ಚೌಕಟ್ಟುಗಳು. ಅವು ಬೀಳುವುದಿಲ್ಲ, ಮಕ್ಕಳು ಬೀಳುತ್ತಾರೆ. ಅವಳು ಪ್ರತಿ ಹರ್ಡಲ್‌ನ ಮುಂದೆ ಹೆಜ್ಜೆ ಚಿಕ್ಕದು ಮಾಡಿ, ನಿಂತಂತಾಗಿ, ಬೇಕಾದದ್ದಕ್ಕಿಂತ ಒಂದು ಗೇಣು ಎತ್ತರಕ್ಕೆ ಹಾರುತ್ತಿದ್ದುದು ಕಾಲುಗಳಲ್ಲಿ ಶಕ್ತಿ ಸಾಲದೆ ಅಲ್ಲ, ಆ ಕಬ್ಬಿಣದ ಭಯದಿಂದ ಎಂಬುದು ನನಗೆ ಆ ಕ್ಷಣದಲ್ಲಿ ಅರ್ಥವಾಯಿತು. ಮಾಸ್ಟರು ಆ ಗುರುತುಗಳನ್ನು ನೋಡಿ, “ನಮ್ಮ ಕಾಲದಲ್ಲೂ ಇದೇ ಆಗಿತ್ತು, ಈಗಲೂ ಇದೇನಾ?” ಎಂದು ನೊಂದುಕೊಂಡರು.

ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಕರ್ನಾಟಕದ ಉನ್ನತಿ ಅಯ್ಯಪ್ಪ ಓಡುವವಳಿದ್ದಳು. ಅವಳ ತಾಯಿ ಪ್ರಮೀಳಾ ಅಯ್ಯಪ್ಪ 2000ದ ಸಿಡ್ನಿ ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ಗಳಲ್ಲಿ ಹೆಪ್ಟಾಥ್ಲಾನ್ ಸ್ಪರ್ಧಿಸಿದವರು, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಪಡೆದವರು. ಎರಡು ದಿನಗಳ, ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್ ಆರಂಭವಾಗುವುದೇ 100 ಮೀಟರ್ ಹರ್ಡಲ್ಸ್‌ನಿಂದ ಎಂದು ಮಾಸ್ಟರು ನೆನಪಿಸಿದಾಗ, ಈ ಹತ್ತು ಪಟ್ಟಿಗಳು ಆ ಮನೆಯಲ್ಲಿ ಎಷ್ಟು ಹಳೆಯ ಪರಿಚಯವಿರಬೇಕೆಂದು ಯೋಚಿಸಿದೆ.

ಗುಂಡಿನ ಸದ್ದಾಯಿತು. ದೂರದರ್ಶನದಲ್ಲಿ ಹರ್ಡಲ್ಸ್ ನೋಡಿದವರಿಗೆ ಅದರ ಸದ್ದು ಗೊತ್ತಿರುವುದಿಲ್ಲ. ಹತ್ತಿರದಿಂದ ಕೇಳಿದರೆ ಮೂರು ಹೆಜ್ಜೆ, ಒಂದು ಬಿಡುವು, ಮತ್ತೆ ಮೂರು ಹೆಜ್ಜೆ, ಮತ್ತೊಂದು ಬಿಡುವು, ಹೀಗೆ ಎಲ್ಲ ಲೇನ್‌ಗಳಿಂದಲೂ ತಮಟೆಯ ಗತ್ತಿನಂತೆ ಸದ್ದು ಏಳುತ್ತದೆ. ಪಕ್ಕದಲ್ಲಿ ಹುಡುಗಿ ಬೆರಳು ಮಡಿಸುತ್ತ ಎಣಿಸುತ್ತಿದ್ದಳು. ಹದಿನಾಲ್ಕು ಸೆಕೆಂಡು ತುಂಬುವ ಮೊದಲೇ ಎಲ್ಲ ಮುಗಿದಿತ್ತು. ಉನ್ನತಿ 13.93 ಸೆಕೆಂಡುಗಳಲ್ಲಿ ಚಿನ್ನ ಗೆದ್ದಿದ್ದಳು. ನಾವಿಬ್ಬರೂ ಎದ್ದು ನಿಂತು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಕೆಳಗಿನ ಸಾಲಿನವರೆಲ್ಲ ತಿರುಗಿ ನೋಡಿ ನಕ್ಕರು. ಗೆದ್ದವಳು ನಮ್ಮವಳೆಂಬ ಸಂತೋಷ ಒಂದು ಕಡೆ, ನನ್ನ ಪಕ್ಕದ ಹುಡುಗಿ, “ಅತ್ತೆ, ಎಲ್ಲಾ ಕಡೆ ಮೂರೇ!” ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದ ಸಂತೋಷ ಇನ್ನೊಂದು ಕಡೆ. ಎರಡನೆಯದೇ ದೊಡ್ಡದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಉಳಿದ ಸ್ಪರ್ಧೆಗಳನ್ನೂ ನೋಡಿದೆವು, ಸಮುದ್ರವನ್ನೂ ನೋಡಿದೆವು. ಭಾರತ 21 ಚಿನ್ನ, 22 ಬೆಳ್ಳಿ, 5 ಕಂಚು ಸೇರಿ 48 ಪದಕಗಳೊಡನೆ ಮೊದಲ ಸ್ಥಾನ ಪಡೆಯಿತು. ಶ್ರೀಲಂಕಾ 35 ಪದಕ ಗೆದ್ದು ಎರಡನೆಯದಾಯಿತು.

ಬೀಳ್ಕೊಡುವ ಮುನ್ನ ಮಾಸ್ಟರು ಕಡಲೆಕಾಯಿಯ ಪೊಟ್ಟಣದ ಕಾಗದವನ್ನೇ ಬಿಡಿಸಿ, ಅದರ ಮೇಲೆ ಪಿವಿಸಿ ಪೈಪಿನ ಹರ್ಡಲ್‌ನ ನಕ್ಷೆ ಬರೆದುಕೊಟ್ಟರು. ನೀರಿನ ಕೊಳವೆ ಜೋಡಿಸುವ ಸಾಮಾನ್ಯ ಎಲ್ಬೋ, ಟೀಗಳೇ ಸಾಕು. ಪಾದ ಒಂದೇ ಕಡೆಗಿರಬೇಕು. ಮೇಲಿನ ಪೈಪನ್ನು ಅಂಟಿಸದೆ ಸುಮ್ಮನೆ ಒರಗಿಸಿಡಬೇಕು, ತಗುಲಿದರೆ ಬಿದ್ದುಹೋಗಲಿ. 80 ಮೀಟರಿನ ಸ್ಪರ್ಧೆಯಲ್ಲಿ ಮೊದಲ ಹರ್ಡಲ್ 12 ಮೀಟರಿಗೆ, ನಡುವಿನ ಅಂತರ 8 ಮೀಟರ್. ಆದರೆ ಅಭ್ಯಾಸವನ್ನು ಆರೂವರೆ ಮೀಟರಿನ ಅಂತರದಿಂದ ಶುರುಮಾಡಿ, ಮೂರು ಹೆಜ್ಜೆ ಕೂಡಿಬಂದ ಮೇಲಷ್ಟೇ ಅಂತರ ಹೆಚ್ಚಿಸಬೇಕೆಂದು ಎರಡೆರಡು ಸಲ ಹೇಳಿದರು.

ಊರಿಗೆ ಬಂದ ಮೇಲೆ ಶಾಲೆಯ ದೈಹಿಕ ಶಿಕ್ಷಕರು ಆ ಕಾಗದವನ್ನು ಆಸಕ್ತಿಯಿಂದ ನೋಡಿದರು. ಹಾರ್ಡ್‌ವೇರ್ ಅಂಗಡಿಯಿಂದ ಪೈಪು ತಂದು ಮಕ್ಕಳೆಲ್ಲ ಸೇರಿ ಒಂದು ಲೇನಿಗೆ ಬೇಕಾದ ಎಂಟು ಹರ್ಡಲ್‌ಗಳನ್ನು ಜೋಡಿಸಿದರು. ಕಬ್ಬಿಣದ ಚೌಕಟ್ಟುಗಳು ಉಗ್ರಾಣ ಸೇರಿದವು. ಹುಡುಗಿ ಈಗ ಎಡಗಾಲನ್ನೇ ಮುಂದಿಡುತ್ತಾಳೆ. ಏಳು ಮೀಟರಿನ ಅಂತರವನ್ನು ಮೂರು ಹೆಜ್ಜೆಯಲ್ಲಿ ಮುಟ್ಟುತ್ತಿದ್ದಾಳೆ, ಏಳೂವರೆಗೆ ಈ ವಾರ ಗುರುತು ಹಾಕಿದ್ದಾರೆ.